ದೇವರು ಕೊಟ್ಟ ಆ್ಯಡ್-ಆನ್, ಪೂಜಾರಿ ಕೊಡದ ಅಪ್‌ಡೇಟ್

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಅಮೆರಿಕದ ಸರ್ವರ್‌ಗಳಿಗೆ ಮಂಗಳವಾರ ರಿಪೇರಿಯ ದಿನ. ದೊಡ್ಡ ಪ್ಯಾಚ್ ಬರುವುದೂ ಸಾಮಾನ್ಯವಾಗಿ ಅವತ್ತೇ. ಸರ್ವರ್ ಮತ್ತೆ ಶುರುವಾದ ಮೇಲೆ ಆಟಗಾರ ಒಳಗೆ ಹೋದರೆ, ಹಿಂದಿನ ದಿನದವರೆಗೆ ನೆಟ್ಟಗಿದ್ದ ಪರದೆ ಬಿಕೋ ಅನ್ನುತ್ತಿರುತ್ತದೆ. ಎದುರಾಳಿ ರಾಕ್ಷಸ ಇನ್ನೆಷ್ಟು ಸೆಕೆಂಡಿಗೆ ಬೆಂಕಿ ಉಗುಳುತ್ತಾನೆ ಎಂದು ಎಣಿಸಿ ಹೇಳುತ್ತಿದ್ದ ಗಡಿಯಾರ ಇಲ್ಲ. ಚೀಲದ ಸಾಮಾನು ಜೋಡಿಸಿಡುತ್ತಿದ್ದ ಪೆಟ್ಟಿಗೆ ಇಲ್ಲ. ಹರಾಜಿನ ದರ ತೋರಿಸುತ್ತಿದ್ದ ಸಾಲೂ ಇಲ್ಲ.

ಇವು ಯಾವುವೂ ಆಟದ ಕಂಪನಿ ಬ್ಲಿಝಾರ್ಡ್ ಮಾಡಿದ್ದಲ್ಲ. ಆಟಗಾರರೇ ಬಿಡುವಿನಲ್ಲಿ ಬರೆದು, ಪುಕ್ಕಟೆ ಹಂಚಿದ ಆ್ಯಡ್-ಆನ್‌ಗಳು. ಆಟ ಬದಲಾದಾಗಲೆಲ್ಲ ಅವೂ ಬದಲಾಗಬೇಕು. ಬರೆದವರು ರಾತ್ರಿಯೆಲ್ಲ ಕೂತು ಹೊಸ ಆವೃತ್ತಿ ಸಿದ್ಧ ಮಾಡಿಡುತ್ತಾರೆ. ಅದನ್ನು ನಿಮ್ಮ ಕಂಪ್ಯೂಟರಿಗೆ ತಂದು ಹಾಕುವುದು ಯಾರು? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಇಂಟರ್ನೆಟ್‌ನಲ್ಲಿ ಪುಕ್ಕಟೆ ದುಡಿಮೆ ಮತ್ತು ದುಡ್ಡು ಎಲ್ಲಿ ಮುಖಾಮುಖಿಯಾಗುತ್ತವೆ ಅನ್ನುವುದು ಈ ಪ್ರಶ್ನೆಯಲ್ಲೇ ಇದೆ.

ಒಂದು ಫೋಲ್ಡರ್, ಒಂದು ನಂಬರ್

ಮೊದಲು ಇದು ಕೆಲಸ ಮಾಡುವುದು ಹೇಗೆ ನೋಡೋಣ. 2004ರಲ್ಲಿ ಬಂದ ಈ ಆಟದ ಆ್ಯಡ್-ಆನ್ ಅಂದರೆ ಲುವಾ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದಷ್ಟು ಫೈಲುಗಳು. ಆಟದ 'ಇಂಟರ್‌ಫೇಸ್' ಫೋಲ್ಡರಿನೊಳಗೆ 'ಆ್ಯಡ್‌ಆನ್ಸ್' ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಈ ಫೈಲುಗಳನ್ನು ಅದರಲ್ಲಿ ಇಟ್ಟರೆ ಮುಗೀತು, ಇನ್‌ಸ್ಟಾಲ್ ಮಾಡುವ ಶಾಸ್ತ್ರವೇನೂ ಇಲ್ಲ. ಪ್ರತಿ ಆ್ಯಡ್-ಆನ್‌ನಲ್ಲೂ ಟಿಒಸಿ ಎಂಬ ಫೈಲೊಂದು ಇರುತ್ತದೆ, ಪುಸ್ತಕಕ್ಕೆ ಪರಿವಿಡಿ ಇದ್ದ ಹಾಗೆ. ಹೆಸರೇನು, ಯಾವ ಫೈಲನ್ನು ಮೊದಲು ಓದಬೇಕು, ಜೊತೆಗೆ ಬೇರೆ ಯಾವ ಆ್ಯಡ್-ಆನ್ ಬೇಕು ಅನ್ನುವುದೆಲ್ಲ ಅದರಲ್ಲಿ. ಆಟದ ಯಾವ ಆವೃತ್ತಿಗೆ ಬರೆದದ್ದು ಅನ್ನುವ ನಂಬರೂ ಅಲ್ಲೇ. ಆಟದ ಆವೃತ್ತಿ 11.0.2 ಆಗಿದ್ದರೆ ಅಲ್ಲಿ 110002 ಎಂದಿರಬೇಕು. ಹಿಂದಿನ ನಂಬರ್ ಕಂಡರೆ ಆಟ ಅದಕ್ಕೆ 'ಹಳತಾಗಿದೆ' ಎಂದು ಗುರುತು ಹಾಕುತ್ತದೆ.

ಇಷ್ಟು ಸರಳವಾಗಿದ್ದರೆ ಕೈಯಲ್ಲೇ ಮಾಡಿಕೊಳ್ಳಬಹುದಲ್ಲ ಅನ್ನಿಸುತ್ತೆ. ಒಂದೆರಡು ಆ್ಯಡ್-ಆನ್ ಇದ್ದರೆ ಸರಿ. ಮೂವತ್ತು ನಲವತ್ತು ಇಟ್ಟುಕೊಂಡವರಿಗೆ ಕಷ್ಟ. ಒಂದು ಆ್ಯಡ್-ಆನ್ ಅಂದರೆ ಒಂದೇ ಫೋಲ್ಡರ್ ಅಂತಲೂ ಇಲ್ಲ. ಡೆಡ್ಲಿ ಬಾಸ್ ಮಾಡ್ಸ್ ಥರದ್ದು ಹಲವು ಫೋಲ್ಡರ್‌ಗಳಾಗಿ ಬರುತ್ತದೆ. 2019ರಲ್ಲಿ ಇದೇ ಆಟದ ಹಳೆಯ ರೂಪ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಮತ್ತೆ ಬಂತು. ಅದಕ್ಕೆ ಬೇರೆಯದೇ ಫೋಲ್ಡರ್, ಬೇರೆಯದೇ ಆವೃತ್ತಿ. ಒಂದು ವರ್ಷ ಕಳೆದ ಮೇಲೆ ಆ ಫೋಲ್ಡರ್ ತೆರೆದರೆ ಯಾವುದು ಯಾವುದಕ್ಕೆ ಸೇರಿದ್ದು, ಯಾವುದನ್ನು ಅಳಿಸಬಹುದು ಎಂದು ಹೇಳುವವರಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆಗಳ ಕತೆಯೇ ಇಲ್ಲೂ.

ಚೀಟಿ ಯಾರ ಕೈಲಿರಬೇಕು?

ಇಲ್ಲಿಗೆ ಕಮಾಂಡ್ ಲೈನ್ ಟೂಲ್ ಬರುತ್ತದೆ. ಬಟನ್ನು, ಚಿತ್ರ ಏನೂ ಇಲ್ಲದ ಕಪ್ಪು ಪರದೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುವುದು, ಅಷ್ಟೇ. ಲಿನಕ್ಸ್ ಬಳಸಿದವರಿಗೆ ಇದು ಹೊಸದಲ್ಲ, 'ಆ್ಯಪ್ಟ್' ಮಾಡುವ ಕೆಲಸವೂ ಇದೇ ಜಾತಿಯದ್ದು. ವಾರ್‌ಕ್ರಾಫ್ಟ್ ಲೋಕದಲ್ಲಿ ಇಂಥ ಒಂದು ಟೂಲ್ ಇನ್‌ಸ್ಟಾವಾವ್. ಪೈಥಾನ್‌ನಲ್ಲಿ ಬರೆದ ಓಪನ್ ಸೋರ್ಸ್ ಪ್ರೋಗ್ರಾಂ. 'ಅಪ್‌ಡೇಟ್' ಅಂದರೆ ಇರುವ ಎಲ್ಲ ಆ್ಯಡ್-ಆನ್‌ಗಳ ಹೊಸ ಆವೃತ್ತಿಯನ್ನು ಹುಡುಕಿ ತಂದು ಹಾಕುತ್ತದೆ. 'ರಿಮೂವ್' ಅಂದರೆ ಆ ಆ್ಯಡ್-ಆನ್‌ಗೆ ಸೇರಿದ ಫೋಲ್ಡರ್‌ಗಳನ್ನಷ್ಟೇ ತೆಗೆಯುತ್ತದೆ. 'ರೋಲ್‌ಬ್ಯಾಕ್' ಅಂದರೆ ಹೊಸದು ಕೈಕೊಟ್ಟಾಗ ಹಿಂದಿನ ಆವೃತ್ತಿಗೆ ಮರಳಬಹುದು. 'ರಿಕನ್ಸೈಲ್' ಅಂದರೆ ಮೊದಲೇ ಗುಡ್ಡೆಬಿದ್ದಿರುವ ಫೋಲ್ಡರ್‌ಗಳನ್ನು ನೋಡಿ, ಇದು ಇಂಥ ಜಾಗದಿಂದ ಬಂದ ಇಂಥ ಆ್ಯಡ್-ಆನ್ ಇರಬೇಕು ಎಂದು ಗುರುತಿಸಲು ಯತ್ನಿಸುತ್ತದೆ.

ಬಟನ್ ಒತ್ತಿದರೆ ಇದನ್ನೆಲ್ಲ ಮಾಡುವ ಆ್ಯಪ್‌ಗಳಿರುವಾಗ ಈ ಕಪ್ಪು ಪರದೆ ಯಾಕೆ? ಹಳೇ ಎಂಜಿನಿಯರ್‌ಗಳ ಚಟ ಎಂದು ನಗಬಹುದು. ಆದರೆ ಟೂಲ್‌ನ ನಿಜವಾದ ಕೆಲಸ ಡೌನ್‌ಲೋಡ್ ಮಾಡುವುದಲ್ಲ, ಲೆಕ್ಕ ಇಡುವುದು. ಏನು ಇದೆ, ಎಲ್ಲಿಂದ ಬಂತು, ಯಾವ ಆವೃತ್ತಿ, ಅದಕ್ಕೆ ಸೇರಿದ ಫೋಲ್ಡರ್ ಯಾವುವು ಎಂಬ ನಾಲ್ಕು ಕಾಲಂಗಳ ಲೆಕ್ಕ. ದಿನಸಿ ಅಂಗಡಿಗೆ ಒಯ್ಯುವ ಚೀಟಿ ಅನ್ನಿ. ಚೀಟಿ ನಿಮ್ಮ ಕೈಲಿದ್ದರೆ ಯಾವ ಅಂಗಡಿಗೆ ಹೋಗಬೇಕು ಅನ್ನುವುದು ನಿಮ್ಮ ಇಷ್ಟ. ಒಂದು ಸಾಮಾನು ಇಲ್ಲಿ, ಇನ್ನೊಂದು ಅಲ್ಲಿ ತರಬಹುದು. ಚೀಟಿಯನ್ನೇ ಅಂಗಡಿಯವನು ಇಟ್ಟುಕೊಂಡರೆ, ಅಂಗಡಿ ಬದಲಾಯಿಸುವ ದಿನ ನಿಮಗೆ ಏನು ಬೇಕಿತ್ತು ಅನ್ನುವುದೂ ನೆನಪಿರುವುದಿಲ್ಲ.

ಅಂಗಡಿ ಕೈ ಬದಲಾದಾಗ

ಅಂಗಡಿ ಬದಲಾದದ್ದು ಕಲ್ಪನೆಯಲ್ಲ. ಆ್ಯಡ್-ಆನ್‌ಗಳ ದೊಡ್ಡ ಉಗ್ರಾಣ ಕರ್ಸ್‌ಫೋರ್ಜ್. ಅದರ ಒಡೆಯ ಕರ್ಸ್ ಕಂಪನಿಯನ್ನು 2016ರಲ್ಲಿ ಅಮೆಜಾನ್ ಒಡೆತನದ ಟ್ವಿಚ್ ಕೊಂಡುಕೊಂಡಿತು. 2020ರಲ್ಲಿ ಕರ್ಸ್‌ಫೋರ್ಜ್ ಇಸ್ರೇಲಿನ ಓವರ್‌ವುಲ್ಫ್ ಪಾಲಾಯಿತು. ಅಲ್ಲಿಯವರೆಗೆ ಅನೇಕ ಸ್ವತಂತ್ರ ಟೂಲ್‌ಗಳು ಕರ್ಸ್‌ಫೋರ್ಜ್‌ನ ಎಪಿಐ ಬಳಸಿಯೇ ನಡೆಯುತ್ತಿದ್ದವು. ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಬಳಿ ಹೋಗಿ 'ಇದು ಇದೆಯಾ, ಕೊಡಿ' ಎಂದು ಕೇಳುವ ಕೌಂಟರ್. 2022ರಲ್ಲಿ ಹಳೆಯ ಕೌಂಟರ್ ಮುಚ್ಚಿತು. ಹೊಸ ಕೌಂಟರಿಗೆ ಅರ್ಜಿ ಹಾಕಿ ಕೀಲಿ ಪಡೆಯಬೇಕು. ಜೊತೆಗೆ, ತಮ್ಮ ಕೆಲಸ ಹೊರಗಿನ ಟೂಲ್‌ಗಳಿಗೆ ಸಿಗಬೇಕೋ ಬೇಡವೋ ಅನ್ನುವ ಆಯ್ಕೆ ಲೇಖಕರ ಕೈಗೆ ಬಂತು.

ಪರಿಣಾಮ ಬೇಗ ಕಂಡಿತು. ಜನಪ್ರಿಯ ಟೂಲ್ ವಾವ್‌ಅಪ್ ಎರಡು ಹೋಳಾಯಿತು. ಒಂದರಲ್ಲಿ ಕರ್ಸ್‌ಫೋರ್ಜ್ ಉಂಟು, ಜಾಹೀರಾತೂ ಉಂಟು. ಇನ್ನೊಂದರಲ್ಲಿ ಕರ್ಸ್‌ಫೋರ್ಜ್ ಇಲ್ಲ. ಫೈಲುಗಳು ಅವೇ, ಬರೆದವರು ಅವರೇ, ಈಗಲೂ ಪುಕ್ಕಟೆಯೇ. ದಾರಿ ಮಾತ್ರ ಕಟ್ಟಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಅನ್ನುವ ಮಾತಿಗೆ ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಹಾಗಂತ ಪೂಜಾರಿಯನ್ನಷ್ಟೇ ಬೈದು ಕೂತರೆ ಅರ್ಧ ಕತೆ ಹೇಳಿದಂತಾಗುತ್ತದೆ. 2009ರಲ್ಲಿ ಬ್ಲಿಝಾರ್ಡ್ ಒಂದು ನಿಯಮ ತಂದಿತು: ಆ್ಯಡ್-ಆನ್‌ಗೆ ದುಡ್ಡು ಕೇಳುವಂತಿಲ್ಲ, ಅದರೊಳಗೆ ಜಾಹೀರಾತು ಹಾಕುವಂತಿಲ್ಲ, ಆಟದ ಒಳಗೆ ದೇಣಿಗೆಯನ್ನೂ ಬೇಡುವಂತಿಲ್ಲ, ಕೋಡ್ ಎಲ್ಲರಿಗೂ ಕಾಣುವಂತಿರಬೇಕು. ಆಟಗಾರರ ದೃಷ್ಟಿಯಿಂದ ಒಳ್ಳೆಯ ನಿಯಮವೇ. ಆದರೆ ಇದರಿಂದ ಏನಾಯಿತು ನೋಡಿ. ಆ್ಯಡ್-ಆನ್ ಬಳಸುವ ಜಾಗದಲ್ಲಿ ಲೇಖಕನಿಗೆ ಒಂದು ಪೈಸೆಯೂ ಹುಟ್ಟುವಂತಿಲ್ಲ. ದುಡ್ಡು ಹುಟ್ಟಬಹುದಾದ ಮುಖ್ಯ ಜಾಗ ಅಂದರೆ ಅದನ್ನು ಡೌನ್‌ಲೋಡ್ ಮಾಡುವ ಬಾಗಿಲು. ಆ ಬಾಗಿಲಲ್ಲಿ ಕರ್ಸ್‌ಫೋರ್ಜ್ ಜಾಹೀರಾತು ಹಾಕುತ್ತದೆ, ಬಂದ ಹಣದಲ್ಲಿ ಒಂದು ಪಾಲನ್ನು ಲೇಖಕರಿಗೆ ಪಾಯಿಂಟುಗಳ ರೂಪದಲ್ಲಿ ಹಂಚುತ್ತದೆ. ಕಪ್ಪು ಪರದೆಯ ಟೂಲ್‌ನಲ್ಲಿ ಜಾಹೀರಾತು ಇಲ್ಲ. ನಮಗೆ ಹಾಯೆನಿಸುವ ಆ ಖಾಲಿ ಜಾಗ ಲೇಖಕನ ಲೆಕ್ಕದಲ್ಲೂ ಖಾಲಿಯೇ. ಹೊರಗಿನ ಟೂಲ್ ಬೇಡ ಎಂದ ಲೇಖಕನನ್ನು ದುರಾಸೆಯವನು ಅನ್ನುವ ಮುಂಚೆ ಇದನ್ನು ನೆನಪಿಡಬೇಕು.

ಅಪ್‌ಡೇಟ್ ಮಾಡುವುದೇ ಅಪಾಯವಾದಾಗ

ಬಾಗಿಲ ಪ್ರಶ್ನೆಗೆ ದುಡ್ಡಿನದಲ್ಲದ ಇನ್ನೊಂದು ಮುಖವಿದೆ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಆಟದ ಮಾಡ್‌ಗಳಲ್ಲಿ ಫ್ರಾಕ್ಚರೈಸರ್ ಎಂಬ ಮಾಲ್‌ವೇರ್ ಪತ್ತೆಯಾಯಿತು. ಕರ್ಸ್‌ಫೋರ್ಜ್ ಮತ್ತು ಬುಕಿಟ್ ತಾಣಗಳಲ್ಲಿದ್ದ ಕೆಲವು ಖಾತೆಗಳು ಕಳ್ಳರ ಕೈಸೇರಿ, ಅವುಗಳ ಮೂಲಕ ವಿಷ ಬೆರೆಸಿದ ಫೈಲುಗಳು ಹೊರಬಂದಿದ್ದವು. ಬ್ರೌಸರ್‌ನ ಕುಕೀಗಳು, ಲಾಗಿನ್ ವಿವರಗಳು ಅದರ ಗುರಿ. ಕಂಪ್ಯೂಟರಿನಲ್ಲಿದ್ದ ಇತರ ಜಾರ್ ಫೈಲುಗಳಿಗೂ ಅದು ಹರಡುತ್ತಿತ್ತು.

ವಾರ್‌ಕ್ರಾಫ್ಟ್‌ನ ಆ್ಯಡ್-ಆನ್ ಈ ಮಟ್ಟಕ್ಕೆ ಹೋಗಲಾರದು. ಅದರ ಲುವಾ ಕೋಡ್ ಆಟದ ಬೇಲಿಯೊಳಗೇ ಓಡಬೇಕು, ನಿಮ್ಮ ಡಿಸ್ಕನ್ನು ಜಾಲಾಡಲು ಅಥವಾ ಇಂಟರ್ನೆಟ್‌ಗೆ ಏನನ್ನಾದರೂ ಕಳಿಸಲು ಅದಕ್ಕೆ ಬಿಡುವುದಿಲ್ಲ. ಮೈನ್‌ಕ್ರಾಫ್ಟ್‌ನ ಜಾವಾ ಮಾಡ್‌ಗೆ ಅಂಥ ಬೇಲಿಯಿಲ್ಲ. ನೀವು ನಡೆಸುವ ಯಾವುದೇ ಪ್ರೋಗ್ರಾಂಗೆ ಇರುವಷ್ಟೇ ಸ್ವಾತಂತ್ರ್ಯ ಅದಕ್ಕೂ ಇದೆ. ಎಲ್ಲವನ್ನೂ ಕೂಡಲೇ ಅಪ್‌ಡೇಟ್ ಮಾಡುವ ಟೂಲ್ ಇಂಥ ಕಡೆ ವಿಷವನ್ನೂ ಕೂಡಲೇ ತಂದುಕೊಡುತ್ತದೆ.

ಇಲ್ಲಿಯೂ ಚೀಟಿಯೇ ಸ್ವಲ್ಪ ನೆರವಿಗೆ ಬರುತ್ತದೆ. ಮೈನ್‌ಕ್ರಾಫ್ಟ್‌ಗೆ ಪ್ಯಾಕ್‌ವಿಜ್ ಎಂಬ ಕಮಾಂಡ್ ಲೈನ್ ಟೂಲ್ ಇದೆ. ಅದು ಪ್ರತಿ ಮಾಡ್‌ನ ವಿವರವನ್ನು ಮಾಮೂಲಿ ಟೆಕ್ಸ್ಟ್ ಫೈಲಿನಲ್ಲಿ, ಹ್ಯಾಶ್ ಸಮೇತ ಬರೆದಿಡುತ್ತದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದು ಅಕ್ಷರ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಮೊನ್ನೆ ಚೀಟಿಯಲ್ಲಿ ಬರೆದ ಫೈಲೇ ಇವತ್ತೂ ಬಂದಿದೆಯಾ ಎಂದು ಟೂಲ್ ತಾಳೆ ನೋಡಬಲ್ಲದು. ಆದರೆ ಬೆರಳಚ್ಚು ಹೇಳುವುದು ಇದು ಅದೇ ಫೈಲು ಎಂದಷ್ಟೇ, ಇದು ಒಳ್ಳೆಯ ಫೈಲು ಎಂದಲ್ಲ. ಬರೆದಿಟ್ಟ ದಿನವೇ ಕೆಟ್ಟದ್ದಾಗಿದ್ದರೆ ಕೆಟ್ಟದ್ದನ್ನೇ ನಿಷ್ಠೆಯಿಂದ ಕಾಯುತ್ತದೆ.

ಬೇರೆ ದಾರಿ ಇದೆಯೇ?

ಇದೆ, ಚಾಲ್ತಿಯಲ್ಲೂ ಇದೆ. ರಾಕೆಟ್ ಹಾರಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟಕ್ಕೆ ಸಿಕೆಎಎನ್ ಎಂಬ ಟೂಲ್ ಇದೆ. ಬಟನ್ ಇರುವ ರೂಪವೂ ಉಂಟು, ಕಮಾಂಡ್ ಲೈನೂ ಉಂಟು. ಯಾವ ಮಾಡ್ ಎಲ್ಲಿ ಸಿಗುತ್ತದೆ, ಯಾವುದಕ್ಕೆ ಯಾವುದು ಬೇಕು, ಯಾವುದರ ಜೊತೆ ಯಾವುದು ಹೊಂದುವುದಿಲ್ಲ ಅನ್ನುವ ಇಡೀ ಪಟ್ಟಿ ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿದೆ. ಫೈಲು ಇರುವ ಜಾಗ ಬೇರೆ, ಫೈಲಿನ ಮಾಹಿತಿ ಇರುವ ಜಾಗ ಬೇರೆ. ಉಗ್ರಾಣ ಬದಲಾದರೆ ಪಟ್ಟಿಯಲ್ಲಿ ವಿಳಾಸ ತಿದ್ದಿದರಾಯಿತು. ವಾರ್‌ಕ್ರಾಫ್ಟ್‌ನಲ್ಲೂ ಅನೇಕ ಲೇಖಕರು ಒಂದೇ ಸ್ಕ್ರಿಪ್ಟ್ ಬಳಸಿ ತಮ್ಮ ಕೆಲಸವನ್ನು ಕರ್ಸ್‌ಫೋರ್ಜ್, ವಾಗೊ, ಗಿಟ್‌ಹಬ್ ಮೂರಕ್ಕೂ ಏರಿಸುತ್ತಾರೆ. ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ತೆರೆದಿರಲಿ ಎಂದು.

ಸಮಸ್ಯೆ ಇರುವುದು ಎರಡು ಬೇರೆ ಕೆಲಸಗಳನ್ನು ಒಂದೇ ಬಾಗಿಲಿಗೆ ಕಟ್ಟಿರುವುದರಲ್ಲಿ. ಫೈಲು ತಲುಪಿಸುವುದು ಒಂದು ಕೆಲಸ. ಬರೆದವರಿಗೆ ಕೂಲಿ ಸಿಗುವಂತೆ ನೋಡಿಕೊಳ್ಳುವುದು ಇನ್ನೊಂದು. ಎರಡೂ ಒಂದೇ ಕಂಪನಿಯ ಕೈಲಿದ್ದಾಗ, ಲೇಖಕನ ಹೊಟ್ಟೆಪಾಡಿನ ಹೆಸರಿನಲ್ಲೇ ಆಟಗಾರನ ಚೀಟಿ ಕಿತ್ತುಕೊಳ್ಳಲು ಬರುತ್ತದೆ. ಇದು ಆಟಕ್ಕೆ ಮಾತ್ರ ಸೇರಿದ ಮಾತಲ್ಲ. ಪುಕ್ಕಟೆ ಕೋಡ್ ಮೇಲೆ ನಿಂತ ಯಾವ ವ್ಯವಸ್ಥೆಗೂ ಇದು ಅನ್ವಯಿಸುತ್ತದೆ.

ದೊಡ್ಡ ವ್ಯವಸ್ಥೆ ಸರಿಹೋಗುವವರೆಗೆ ಆಟಗಾರ ಮಾಡಬಹುದಾದ್ದು ಸಣ್ಣದು, ಆದರೆ ವ್ಯರ್ಥವಲ್ಲ. ನಿಮ್ಮ ಆ್ಯಡ್-ಆನ್‌ಗಳ ಪಟ್ಟಿಯನ್ನು ನೀವೇ ಒಂದು ಟೆಕ್ಸ್ಟ್ ಫೈಲಿನಲ್ಲಿ ಇಟ್ಟುಕೊಳ್ಳಿ. ಯಾವುದು ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಿರಿ. ನಿಮ್ಮ ಸೆಟ್ಟಿಂಗ್‌ಗಳು ಆ್ಯಡ್-ಆನ್ ಫೋಲ್ಡರಿನಲ್ಲಿ ಇರುವುದಿಲ್ಲ, ಆಟದ ಡಬ್ಲ್ಯುಟಿಎಫ್ ಎಂಬ ಫೋಲ್ಡರಿನಲ್ಲಿರುತ್ತವೆ. ಪ್ಯಾಚ್ ಬರುವ ಮುಂಚೆ ಅದರ ಬ್ಯಾಕಪ್ ತೆಗೆದಿಡಿ. ಬೇಲಿಯಿಲ್ಲದ ಆಟಗಳಲ್ಲಿ ಹೊಸ ಆವೃತ್ತಿಗೆ ನಾಲ್ಕು ದಿನ ಕಾಯುವುದರಿಂದ ನಷ್ಟವೇನಿಲ್ಲ. ಇನ್ನು, ಜಾಹೀರಾತು ಬೇಡ ಎಂದು ಕಪ್ಪು ಪರದೆಗೆ ಬಂದವರು, ದಿನಾ ಬಳಸುವ ಒಂದೆರಡು ಆ್ಯಡ್-ಆನ್‌ಗಳ ಲೇಖಕರು ಎಲ್ಲಾದರೂ ದೇಣಿಗೆ ಕೇಳಿದ್ದಾರಾ ಎಂದು ನೋಡಿ. ಪೂಜಾರಿಯನ್ನು ದಾಟಿ ಹೋಗುವುದು ತಪ್ಪಲ್ಲ. ಆದರೆ ಹುಂಡಿಗೆ ಹಾಕಬೇಕಾದ್ದನ್ನು ಹಾಕದೆ ಬರುವುದು ಸರಿಯಲ್ಲ.