ಬಾವಿಗೆ ಮದ್ದು: ಉಳಿದದ್ದೇ ಕಾವಲು

ಘಟಪ್ರಭೆಯ ದಂಡೆಯ ಕೊಣ್ಣೂರ ಸೀಮೆಯವರಿಗೆ ಹೊಳೆ ಬರುವುದು ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಅದು ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೂ ದಂಡೆಯ ಊರುಗಳಿಗೂ ನುಗ್ಗಿತ್ತು. ನೆರೆ ಇಳಿದ ಮೇಲೆ ಗೋಡೆಯ ಕೆಸರು ಕಣ್ಣಿಗೆ ಕಾಣುತ್ತದೆ. ಬಾವಿಯೊಳಗೆ ಸೇರಿದ ಹೊಲಸು ಕಾಣುವುದಿಲ್ಲ. ನಾಲ್ಕು ದಿನಕ್ಕೆ ನೀರು ತಿಳಿಯಾಗುತ್ತದೆ. ಆದರೆ ತಿಳಿನೀರೆಲ್ಲ ಶುದ್ಧ ನೀರಲ್ಲ. ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಹಬ್ಬುವುದು ಇಂಥ ವೇಳೆಯಲ್ಲೇ.

ಆಗ ನೆನಪಾಗುವುದು ಬ್ಲೀಚಿಂಗ್ ಪೌಡರ್. ಈ ಪುಡಿ ಹುಟ್ಟಿದ್ದು ನೀರಿಗಾಗಿ ಅಲ್ಲ, ಬಟ್ಟೆಗಾಗಿ. ಅರಿವೆ ಬಿಳುಪಾಗಲು ವಾರಗಟ್ಟಲೆ ಬಿಸಿಲಿಗೆ ಹರಡುತ್ತಿದ್ದ ಕಾಲದಲ್ಲಿ, 1799ರಲ್ಲಿ, ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಅನಿಲ ಹಾಯಿಸಿ ಇದನ್ನು ತಯಾರಿಸುವ ಹಕ್ಕು ಪಡೆದ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್‌ನಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ನೀರಿನ ಕೊಳವೆಗಳಿಗೆ ಇದರ ದ್ರಾವಣ ಹಾಯಿಸಿದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ಕುಡಿಯುವ ನೀರಿಗೆ ದಿನವೂ ಇದನ್ನು ಬಳಸತೊಡಗಿತು.

ಕ್ಲೋರಿನ್ನಿನ ಸ್ವಭಾವ ತಿಳಿಯಲು ಈಜುಕೊಳವನ್ನು ನೋಡಬೇಕು. ಅಲ್ಲಿ ಮೂಗಿಗೆ ಬಡಿಯುವ ವಾಸನೆ ಮದ್ದು ಹೆಚ್ಚಾದದ್ದರ ಗುರುತೆಂದು ಎಣಿಸುತ್ತೇವೆ. ನಿಜವಾಗಿ ಅದು ಕ್ಲೋರಿನ್ ಬೆವರು, ಮೂತ್ರಗಳೊಡನೆ ಕೂಡಿ ಹುಟ್ಟಿದ ಕ್ಲೋರಮೈನ್‌ಗಳ ವಾಸನೆ. ಬಹುಮಟ್ಟಿಗೆ ಮದ್ದು ಸಾಲದ್ದರ ಗುರುತು. ಆಗ ಜನರನ್ನು ಹೊರಗಿಟ್ಟು, ಬಿಸಿಲು ಇಳಿದ ಮೇಲೆ, ಒಮ್ಮೆಲೇ ಹೆಚ್ಚು ಕ್ಲೋರಿನ್ ಕೊಡುತ್ತಾರೆ. ಬಿಸಿಲು ಕ್ಲೋರಿನ್ನನ್ನು ಕೆಡಿಸುತ್ತದೆ. ಕೊಟ್ಟ ಮದ್ದನ್ನು ಮೊದಲು ಕೊಳೆ ತಿನ್ನುತ್ತದೆ. ತಿಂದು ಉಳಿದದ್ದೇ ರೋಗಾಣುಗಳ ಮೇಲಿನ ಕಾವಲು.

ನೆರೆ ಹೊಕ್ಕ ಬಾವಿಗೂ ಇದೇ ನ್ಯಾಯ. ಆದ್ದರಿಂದ ಸುತ್ತಲಿನ ನೀರು ಇಳಿದ ಮೇಲೆ ಮೊದಲು ಕೆಸರು ತೆಗೆಯಬೇಕು. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28 ಸಾವಿರ ಲೀಟರ್. ಎಂದಿನ ದಿನಗಳಲ್ಲಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 70 ಗ್ರಾಂ ಪುಡಿ ಸಾಕು. ನೆರೆಯ ನಂತರ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಳ್ಳೆಯ ಪುಡಿಯೇ 4 ಕಿಲೊ ದಾಟುತ್ತದೆ. ಹೊಸ ಪುಡಿಯಲ್ಲಿ ಕ್ಲೋರಿನ್ ನೂರಕ್ಕೆ 33 ಪಾಲು ಮಾತ್ರ. ಬಾಯಿ ತೆರೆದಿಟ್ಟ ಚೀಲದ್ದು ಇನ್ನೂ ಕಡಿಮೆ.

ಪುಡಿಯನ್ನು ನೇರವಾಗಿ ಸುರಿಯಬಾರದು. ಮೂಗು, ಕಣ್ಣು ಕಾಪಾಡಿಕೊಂಡು, ಬಯಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಕೆಟ್ಟಿನಲ್ಲಿ ಕಲಸಿ, ನೀರು ಬೆರೆಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು. ಹಗ್ಗಕ್ಕೆ ಕಟ್ಟಿದ ಬಕೆಟ್ಟನ್ನು ನೀರಿನಲ್ಲಿ ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ನೆರೆಯ ಪ್ರಮಾಣ ಕೊಟ್ಟಾಗ ರಾತ್ರಿಯಿಡೀ ಯಾರೂ ನೀರು ಸೇದಬಾರದು. ಮರುದಿನ ಘಾಟು ಹೋಗುವವರೆಗೆ ನೀರೆತ್ತಿ ಹೊರಗೆ ಚೆಲ್ಲಿ, ಬಳಿಕ ಎಂದಿನ ಪ್ರಮಾಣಕ್ಕೆ ಮರಳಬೇಕು.

ಎಂದಿನ ಮದ್ದು ಹಾಕಿ ಒಂದು ತಾಸಿನ ನಂತರ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆರ್ಥೊಟಾಲಿಡಿನ್ ಹನಿ ಬಿದ್ದ ನೀರು ಹಳದಿಯಾದರೆ ಕಾವಲು ಇದೆ ಎಂದರ್ಥ. ಬಣ್ಣ ಬರದಿದ್ದರೆ ಮದ್ದೆಲ್ಲ ಕೊಳೆಯ ಪಾಲಾಗಿದೆ. ಎಷ್ಟು ಪುಡಿ ಸುರಿದೆವು ಎಂಬುದಲ್ಲ, ಎಷ್ಟು ಉಳಿಯಿತು ಎಂಬುದೇ ಲೆಕ್ಕ.