ಕಸದೊಳಗಿನ ಕನಕ

ಅಕ್ಕಸಾಲಿಗನ ಅಂಗಡಿಯ ಧೂಳನ್ನು ನೀರಿನಲ್ಲಿ ಜಾಲಿಸಿ ಹೊನ್ನಿನ ಕಣಗಳನ್ನು ಆಯುವವನಿಗೆ ಜಲಗಾರನೆಂದು ಹೆಸರು. ಹಳೆಯ ಮೊಬೈಲು, ಗಣಕಯಂತ್ರಗಳ ಫಲಕಗಳಲ್ಲಿಯೂ ಹೊನ್ನುಂಟು. ತುಕ್ಕು ಹಿಡಿಯದ ಗುಣವುಳ್ಳುದರಿಂದ ಅದನ್ನು ವಿದ್ಯುತ್ ಸಂಪರ್ಕದ ತುದಿಗಳಿಗೆ ತೆಳುವಾಗಿ ಲೇಪಿಸಿರುತ್ತಾರೆ. ಆದರೆ ಒಂದು ಮೊಬೈಲಿನಲ್ಲಿ ಅದು ಗುಂಜಿಯ ತೂಕವೂ ಇರದು. ಬರಿಯ ನೀರಿನಿಂದ ಬೇರಾಗುವಂಥದೂ ಅಲ್ಲ. ಅದನ್ನು ಕರಗಿಸಲು ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವನ್ನು ಬಳಸುತ್ತಾರೆ. ಆಗ ಏಳುವ ಕಂದು ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಉಳಿದ ದ್ರವದಲ್ಲಿ ತಾಮ್ರ, ಸೀಸಗಳು ಬೆರೆತಿರುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಂಗಳದಲ್ಲಿ ಅದನ್ನು ಚೆಲ್ಲಿದರೆ ಮಳೆನೀರಿನೊಡನೆ ಬಾವಿಗೂ ಹೊಳೆಗೂ ಸೇರೀತು.

ಆದುದರಿಂದ, ವಿದ್ಯಾರ್ಥಿಗಳೇ, ಈ ಕಾರ್ಯವನ್ನು ಮನೆಯಲ್ಲಿ ಕೈಗೊಳ್ಳದಿರಿ. 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತರಾದ ಸಂಸ್ಕರಣಕಾರರಿಗೆ ಹಳೆಯ ಉಪಕರಣಗಳನ್ನು ತಲುಪಿಸಿರಿ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯ ಹೆಸರಿಗೆ ಪಾಪವನ್ನು ಕಳೆಯುವವಳೆಂದರ್ಥ. ಗುಂಜಿ ಹೊನ್ನಿನಾಸೆಗೆ ಅವಳ ಮಡಿಲಿಗೆ ವಿಷವನ್ನು ಸುರಿಯುವುದು ತರವಲ್ಲ.