ಉಬ್ರಾಣಿ ಹುಡುಗನ ಆಪ್ಷನ್ ಎಂಟ್ರಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ಉಬ್ರಾಣಿಯ ಹುಡುಗನೊಬ್ಬ ನಮಗೆ ಫೋನ್ ಮಾಡಿದ್ದ: ದಾವಣಗೆರೆಯ ಯುಬಿಡಿಟಿಯೋ, ಬೆಂಗಳೂರಿನ ಯುವಿಸಿಇಯೋ?

ಎರಡೂ ಸಣ್ಣ ಹೆಸರಲ್ಲ. ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರು ಶುರುಮಾಡಿಸಿದ್ದು; ಬೆಂಗಳೂರು ವಿ.ವಿ.ಯಲ್ಲಿತ್ತು, 2022ರಿಂದ ತಾನೇ ಒಂದು ವಿಶ್ವವಿದ್ಯಾಲಯ. ಯುಬಿಡಿಟಿ 1951ರದ್ದು, ಈಗ ವಿಟಿಯುವಿನದೇ ಘಟಕ ಕಾಲೇಜು.

'ಯುವಿಸಿಇ ಸಿಗೋದು ಡೌಟು, ಅದಕ್ಕೇ ಯುಬಿಡಿಟಿ ಮೊದಲು ಹಾಕ್ತೀನಿ' ಅಂದ. ಎಡವೋದು ಇಲ್ಲೇ. ಕೆಇಎ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತೆ, ರ‍್ಯಾಂಕಿಗೆ ದಕ್ಕುವ ಮೊದಲ ಸೀಟಿನಲ್ಲೇ ನಿಲ್ಲುತ್ತೆ. ಮೇಲಿನದು ಸಿಗದಿದ್ದರೆ ಕೆಳಗಿನದರ ಅವಕಾಶವೇನೂ ಕಮ್ಮಿಯಾಗಲ್ಲ. ಆದರೆ ಯುಬಿಡಿಟಿ ಮೇಲಿಟ್ಟು ಅದು ಸಿಕ್ಕಿತೋ, ಕೆಳಗಿರುವ ಯುವಿಸಿಇಯನ್ನು ಕಂಪ್ಯೂಟರ್ ತಿರುಗಿಯೂ ನೋಡಲ್ಲ. ಸಿಗೋ ಲೆಕ್ಕ ಬಿಡಿ, ಬೇಕಾದ್ದು ಮೇಲೆ ಹಾಕಿ.

ಬೇಕಾದ್ದು ಯಾವುದು ಅನ್ನೋದೇ ಕಷ್ಟ. ಆಪ್ಷನ್ ಅಂದರೆ ಬರೀ ಕಾಲೇಜಲ್ಲ, ಕಾಲೇಜು ಮತ್ತು ಬ್ರಾಂಚ್ ಎರಡೂ ಸೇರಿದ್ದು. ಒಂದೇ ಕಾಲೇಜಿನ ಎಲ್ಲ ಬ್ರಾಂಚನ್ನೂ ಒಟ್ಟಿಗೇ ಮೇಲಿಡಬೇಕೆಂದಿಲ್ಲ. ಜತೆಗೆ ಅವನ ಮನೇಲಿ ಅಡಿಕೆ ಕೊಯ್ಲಿಗೆ ಅಪ್ಪ ಒಬ್ಬರೇ. ದಾವಣಗೆರೆಯಾದರೆ ಶನಿವಾರ ಸಂಜೆಗೆ ಊರು. ಇದನ್ನು ಯಾವ ಕಟಾಫ್ ಪಟ್ಟಿಯೂ ತೋರಿಸಲ್ಲ.

ಕೊನೆಗೆ ಯುವಿಸಿಇ ಎಲೆಕ್ಟ್ರಾನಿಕ್ಸ್ ಮೊದಲು, ಯುಬಿಡಿಟಿ ಕಂಪ್ಯೂಟರ್ ಸೈನ್ಸ್ ಎರಡನೆಯದು ಅಂತ ಹಾಕಿದ. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ.